ಏಳನೇ ಬಂಕರಿನ ಹೊಸ ಮರಳು

ದೋಮಿತಿಲಾ ಭುಜದೆತ್ತರದಿಂದ ಚೆಂಡು ಬಿಟ್ಟಳು. ಅದು ಗಾಲ್ಫ್ ಮೈದಾನದ ಏಳನೇ ಬಂಕರಿನ ಮರಳಿನಲ್ಲಿ ಅರ್ಧ ಹೂತುಹೋಯಿತು. ಇನ್ನೊಂದು ಬಿಟ್ಟಳು. ಅದೂ ಹಾಗೇ.

“ಹುರಿದ ಮೊಟ್ಟೆ ಥರ ಇದೆ, ಕೊಮಾದ್ರೆ,” ಎಂದ ಜೊತೆ ಕೆಲಸದ ನಾಬೋರ್. “ಮೇಲೆ ಒಂಚೂರು ಮೆಣಸು ಹಾಕಿದ್ರೆ ತಿನ್ಬಹುದು.” ಅವನ ಮಗಳ ದೀಕ್ಷಾಸ್ನಾನದಲ್ಲಿ ಅವಳು ಜ್ಞಾನಮಾತೆಯಾಗಿ ನಿಂತಿದ್ದಳು, ಅಂದಿನಿಂದ ಹಾಗೆಯೇ ಕರೆಯುತ್ತಿದ್ದ.

ಮೊನ್ನೆಯ ಬಿರುಮಳೆಗೆ ಬಂಕರಿನ ಮರಳುಗುಂಡಿಯ ಗೋಡೆ ಜರಿದು, ಬಿಳಿ ಮರಳಿಗೆ ಸುಣ್ಣಮಣ್ಣು ಬೆರೆತಿತ್ತು. ನಿನ್ನೆ ದೋಮಿತಿಲಾ ಕೊಳೆಯನ್ನು ತೆಗೆಸಿ ಹೊಸ ಮರಳು ತುಂಬಿಸಿದ್ದಳು. ಅರಿಜೋನಾದ ಒಣ ಹವೆಯಲ್ಲಿ ಹೊಸ ಮರಳು ತಾನಾಗಿ ಕೂರುವುದಿಲ್ಲ. ಪದರಪದರವಾಗಿ ನೀರುಣಿಸಿ ಬಡಿಯಬೇಕು. ಕತ್ತಲಾಗುವ ಮೊದಲು ಮುಗಿಯಲೆಂದು ಆ ಬಡಿಯುವ ಕೆಲಸವನ್ನೇ ಬಿಟ್ಟಿದ್ದಳು. ಇಂದು ಕ್ಲಬ್ ಸದಸ್ಯರ ಪಂದ್ಯ. ಅದು ಸುಸೂತ್ರವಾದರೆ ಬಂಕರ್ ತಂಡದ ಮೇಸ್ತ್ರಿಕೆ ಅವಳಿಗೇ ಎಂದು ಮೈದಾನದ ಮುಖ್ಯಸ್ಥ ಹಾಲ್ವರ್ಸನ್ ಹೇಳಿದ್ದ.

“ಮೇಲೆ ನೀರು ಹೊಡಿ. ಗಟ್ಟಿಯಾಗುತ್ತೆ,” ಎಂದ ನಾಬೋರ್.

“ಒಣಗಿದ ಮೇಲೆ?”

“ಆಗ ಬಿಸಿಲನ್ನ ಬೈಯೋಣ.”

ಅವಳು ಪೈಪು ಹಿಡಿದಳು. ಸ್ವಲ್ಪ ಹೊತ್ತಿಗೆ ಹಾಲ್ವರ್ಸನ್ ಬಂದು, ಬ್ಯಾಟರಿ ಬಂಡಿಯಿಂದ ಇಳಿಯದೆಯೇ ಒಂದು ಚೆಂಡೆಸೆದ. ಅದು ಮರಳಿನ ಮೇಲೇ ನಿಂತಿತು.

“ಸರಿ ಇದೆ ತಾನೇ?”

“ಸರಿ ಇದೆ.”

ಅವನು ಹೋದ. ಅವಳು ರೇಕಿನ ಹಲ್ಲುಗಳಿಂದ ಮರಳು ಎಳೆದು ಸಮ ಮಾಡಿದಳು. ಎಳೆದಲ್ಲೇ ಮತ್ತೆ ಎಳೆದಳು. ಸಗ್ವಾರೊ ಕಳ್ಳಿಯ ನೆರಳು ಬಂಕರಿನಿಂದಾಚೆ ಸರಿಯಿತು. ಬಿಸಿಲು ತಾಗಿದ ಅಂಚು ಬೆಳ್ಳಗಾಯಿತು. ಅಲ್ಲಿ ಬೆರಳಿಟ್ಟಳು, ಸಲೀಸಾಗಿ ಇಳಿಯಿತು. ಮೊದಲು ಬಂದವರು ಹಸಿ ಮರಳಿನಿಂದ ಹೊಡೆಯುತ್ತಾರೆ, ಕೊನೆಯವರ ಚೆಂಡು ಹೂತುಹೋಗುತ್ತದೆ. ಆಟದ ನಡುವೆ ನೀರು ಹಾಕುವಂತಿಲ್ಲ. ಐದನೇ ಕುಳಿಯ ಕಡೆಯಿಂದ ಚಪ್ಪಾಳೆ ಕೇಳಿಸಿತು.

ಅವಳು ವಾಕಿಟಾಕಿ ತೆಗೆದಳು.

“ಸುಮ್ನಿರೇ,” ಎಂದ ನಾಬೋರ್. “ಮೇಸ್ತ್ರಿಕೆ ಕೈಗೆ ಬಂದಿದೆ.”

“ಮಿಸ್ಟರ್ ಹಾಲ್ವರ್ಸನ್, ಏಳನೇ ಬಂಕರ್ ಮುಚ್ಚಿಸಿ. ಹೊಸ ಮರಳನ್ನ ನಾನು ಕೂರಿಸಿಲ್ಲ. ಮೇಲೆ ನೀರು ಹೊಡೆದಿದ್ದೆ, ಅಷ್ಟೇ.”

ಗರಗರ ಸದ್ದು. “ಈಗ ತಾನೇ ಸರಿ ಇದೆ ಅಂದೆಯಲ್ಲ?”

“ಅಂದೆ.”

“ಹಗ್ಗ ಕಟ್ಟು. ಒಳಗೆ ಬಿದ್ದ ಚೆಂಡನ್ನ ಹೊರಗಿಟ್ಟು ಆಡ್ತಾರೆ, ತೀರ್ಪುಗಾರರಿಗೆ ನಾನು ಹೇಳ್ತೀನಿ. ನಾಬೋರ್ ಇದಾನಾ ಅಲ್ಲಿ? ಇವತ್ತಿಂದ ತಂಡ ಅವನು ನೋಡ್ಕೊಳ್ಳಲಿ.”

ನಾಬೋರ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. “ನಾನೇನು ಕೇಳಿದ್ನಾ ಇದನ್ನ?”

“ಹಗ್ಗದ ಆ ತುದಿ ಹಿಡ್ಕೋ.”

ಕೊನೆಯ ಗೂಟ ನೆಡುವಾಗ ಆಟಗಾರರ ಮೊದಲ ಬಂಡಿ ತಿರುವಿನಲ್ಲಿ ಕಾಣಿಸಿತು. ದೋಮಿತಿಲಾ ರೇಕನ್ನು ಹೆಗಲಿಗೇರಿಸಿದಳು.

“ಹೇಳು ಮೇಸ್ತ್ರಿ, ನಾನೀಗ ಎಲ್ಲಿಗೆ ಹೋಗ್ಲಿ?”

“ಹನ್ನೊಂದನೇ ಬಂಕರಿಗೆ,” ಎಂದ ನಾಬೋರ್, ಅವಳ ಮುಖ ನೋಡದೆ.