ಜೋಳದ ಹೊಲದಲ್ಲಿ ಗ್ಯಾಬರ್

ಹಾಡುವವರಿಗೆಲ್ಲ ಕೇಳುಗರು ನಡುವೆಯೇ ಎದ್ದು ಹೋದಾರೆಂಬ ಭಯ. ಉಮಾಶ್ರೀಗೆ ಕೇಳುಗರನ್ನು ಎಬ್ಬಿಸಿ ಕಳಿಸುವುದೇ ಕೆಲಸ. ಕರಜಗಿಯ ಹಿಂಗಾರಿ ಜೋಳ ಹಾಲುಗಾಳು ಕಟ್ಟಿತ್ತು. ಹಕ್ಕಿ ಕಾಯಲು ಕವಣೆ ಬೀಸಿ ಬೀಸಿ ಅವಳ ಅವ್ವ ಗುರವ್ವನ ಭುಜ ಹಿಡಿದುಕೊಂಡಿತ್ತು. ಹಾಗಾಗಿ ಸಾಂಗ್ಲಿಯಲ್ಲಿ ಕಾಲೇಜು ಮುಗಿಸಿ ಬಂದಿದ್ದ ಮಗಳು ಹೊಲದ ನಡುವಿನ ಅಟ್ಟಣಿಗೆ ಹತ್ತಿದಳು. ಅವಳ ಹಿಂದೆಯೇ, ಕಾಕಾನ ಮಗ ದತ್ತಾನ ಡಿಜೆ ಗಾಡಿಯಿಂದ ಎರವಲು ತಂದ ಸ್ಪೀಕರ್ ಪೆಟ್ಟಿಗೆಯೂ ಹತ್ತಿತು.

ಅವಳು ಮೊಬೈಲಿನ ಮೇಲೆ ಬೆರಳಾಡಿಸಿದರೆ ಸಾಕು, ಹೊಲದ ಗುಬ್ಬಿ ಗಿಳಿಗಳೆಲ್ಲ ಒಮ್ಮೆಲೇ ಎದ್ದು ಪಕ್ಕದೂರು ಸೋನ್ಯಾಳದ ದಿಕ್ಕು ಹಿಡಿಯುತ್ತಿದ್ದವು. ಟಿಕೆಟ್ಟಿಲ್ಲದೆ ಬಂದವರು, ದುಡ್ಡು ಮರಳಿ ಕೇಳುವಂತೆಯೂ ಇರಲಿಲ್ಲ.

ಅದು ಎಂಥ ಸದ್ದು ಎಂದರೆ, ಮದುವೆಯ ಡಿಜೆ ‘ಧಡ್... ಧಡ್... ಧಡ್’ ಎನ್ನುತ್ತದಲ್ಲ, ಆ ಎರಡು ಧಡ್‌ಗಳ ನಡುವೆ ಒಂದು ಹೆಜ್ಜೆ ಹಾಕಲು, ಬೆವರು ಒರೆಸಲು, ಬೀಗರ ಮೋರೆ ನೋಡಿ ನಗಲು ಜಾಗವಿರುತ್ತದೆ. ಉಮಾಶ್ರೀಯದು ‘ಧಡ್ಧಡ್ಧಡ್ಧಡ್’. ಖಾಲಿ ಡ್ರಮ್ಮು ಹೇರಿಕೊಂಡ ಟೆಂಪೊ ಜಲ್ಲಿಕಲ್ಲು ಹಾಸಿದ ದಾರಿಯಲ್ಲಿ ನಾಯಿ ಬೆನ್ನಟ್ಟಿದಂತೆ ಓಡಿದ ಹಾಗೆ. ಪ್ರತಿ ಏಟಿನ ಅಂಚೂ ಒಡೆದು ‘ಖರ್ರ್’ ಎನ್ನಬೇಕು. ವೇಗ ಇನ್ನೂ ಏರಿಸಿದರೆ ಏಟುಗಳು ಒಂದಕ್ಕೊಂದು ಅಂಟಿಕೊಂಡು, ತಿರುಗುವ ಫ್ಯಾನಿನ ರೆಕ್ಕೆಗಳು ಒಂದೇ ತಟ್ಟೆಯಾಗಿ ಕಾಣುವಂತೆ, ‘ಘೊಂಯ್ಯ್’ ಎಂಬ ಒಂದೇ ಸ್ವರವಾಗಿಬಿಡುತ್ತವೆ.

ಇದು ಹುಟ್ಟಿದ ಕತೆಯನ್ನು ಅವಳು ಅವ್ವನಿಗೆ ಬುತ್ತಿ ಬಿಚ್ಚುವಾಗ ಹೇಳಿದ್ದಳು. ಹಾಲೆಂಡಿನಲ್ಲಿ ರಾಟರ್‌ಡ್ಯಾಮ್ ಎಂಬ ಬಂದರಿನ ಊರು. ಮೂವತ್ತು ವರ್ಷಗಳಾಚೆ ಅಲ್ಲಿಯ ದುಡಿಯುವ ಮನೆಗಳ ಹುಡುಗರಿಗೆ ಶೋಕಿಯವರ ಕ್ಲಬ್ಬಿನ ನಯವಾದ ಸಂಗೀತ ಸಪ್ಪೆ ಅನ್ನಿಸಿತಂತೆ. ಡ್ರಮ್ ಬಾರಿಸುವ ಯಂತ್ರದ ಸದ್ದನ್ನು ಅದು ಹರಿದುಹೋಗುವಷ್ಟು ಏರಿಸಿದರು, ವೇಗವನ್ನೂ ಏರಿಸಿದರು, ತಲೆ ಬೋಳಿಸಿಕೊಂಡು ಕುಣಿದರು. ಅದಕ್ಕೆ ಗ್ಯಾಬರ್ ಎಂದು ಹೆಸರು ಬಿತ್ತು. ಅಲ್ಲಿಯ ಬೀದಿಮಾತಿನಲ್ಲಿ ಹಾಗೆಂದರೆ ದೋಸ್ತ.

“ಗಾಬರಿ ಅಂದ್ರ ಇನ್ನೂ ಬರೋಬರಿ ಆಕ್ಕಿತ್ತ ನೋಡವಾ,” ಎಂದಿದ್ದಳು ಗುರವ್ವ, ರೊಟ್ಟಿ ಮುರಿಯುತ್ತ.

ಉಮಾಶ್ರೀಗೆ ಬೇರೆಯೇ ಗಾಬರಿ ಇತ್ತು. ಆ ರಾಟರ್‌ಡ್ಯಾಮಿನ ಒಂದು ತಂಡ ತಿಂಗಳಿಗೊಮ್ಮೆ ದೊಡ್ಡ ಹಾಲ್‌ನಲ್ಲಿ ಜನ ಸೇರಿಸಿ ದೂರದೂರದವರ ಗ್ಯಾಬರ್ ಹಾಕುತ್ತಿತ್ತು. ಇವಳು ಮೊಬೈಲಿನಲ್ಲೇ ಕಟ್ಟಿ ಕಳಿಸಿದ ಹಾಡನ್ನೂ ಮೆಚ್ಚಿತ್ತು. ಅವರದು ಒಂದೇ ಷರತ್ತು: ಈ ಸಂಗೀತ ಕಾಲಿನಲ್ಲಿ ಬದುಕುವಂಥದ್ದು, ನಿಮ್ಮೂರಲ್ಲಿ ಒಬ್ಬರಾದರೂ ಇದಕ್ಕೆ ಕುಣಿದ ವಿಡಿಯೊ ಬೇಕು, ರವಿವಾರದೊಳಗೆ. ಹಾಡು ಕಟ್ಟಿದವರೇ ಕುಣಿದರೆ ನಡೆಯುವುದಿಲ್ಲ.

ಆ ಕುಣಿತಕ್ಕೆ ಹಾಕೆನ್ ಎನ್ನುತ್ತಾರೆ. ಮೈ ತುಸು ಬಾಗಿಸಿ, ಹಿಮ್ಮಡಿ, ತುದಿಗಾಲು ಲಗುಬಗೆಯಿಂದ ಒದೆಯುತ್ತ, ಕೈಗಳನ್ನು ಗಾಳಿಗೆ ಬೀಸುತ್ತಿರಬೇಕು. ಕರಜಗಿಯಲ್ಲಿ ಹಾಕೆನ್ ಎಂಬ ಹೆಸರೇನೋ ಬಂದಿತ್ತು, ಹೆಜ್ಜೆ ಹಾಕುವವರು ಬಂದಿರಲಿಲ್ಲ. ದತ್ತಾ ಅರ್ಧ ನಿಮಿಷ ಪ್ರಯತ್ನಿಸಿ, ಇದರ ನಡುವೆ ಮದುವೆಯ ಅರಿಸಿನದ ಹಾಡೊಂದು ತೂರಿಸಲು ಬರುತ್ತದೆಯೇ ಎಂದು ಕೇಳಿದ. ಕಳೆ ತೆಗೆಯಲು ಬರುತ್ತಿದ್ದ ತುಳಸವ್ವ ಎರಡು ಸಲ ಕಾಲೆತ್ತಿ, ಇರುವೆ ಹತ್ತಿದವರೂ ಇದಕ್ಕಿಂತ ಚಂದ ಕುಣಿಯುತ್ತಾರೆ ಎಂದು ತಾನೇ ನಕ್ಕು ಕೂತಳು.

ಶನಿವಾರ ಮುಂಜಾನೆ ಇನ್ನೊಂದು ಪೆಟ್ಟು ಬಿತ್ತು. ಹಕ್ಕಿಗಳು ಏಳಲಿಲ್ಲ. ಉಮಾಶ್ರೀ ಸದ್ದು ಏರಿಸಿದಳು. ಗಿಳಿಗಳು ತಲೆ ಒಂದಿಷ್ಟು ವಾರೆ ಮಾಡಿ ಕೇಳಿದವು, ತೆನೆ ಸುಲಿದವು, ಮತ್ತೆ ಕೇಳಿದವು. ಎದ್ದು ಹೋಗದ ಕೇಳುಗರು ಮೊದಲ ಸಲ ಸಿಕ್ಕಿದ್ದರು. ಅವಳಿಗೆ ಒಳಗೊಳಗೇ ಖುಷಿಯೂ ಆಯಿತು. ಆದರೆ ಅವ್ವ ಬದುವಿನ ಮೇಲೆ ನಿಂತು ನೋಡುತ್ತಿದ್ದಳು.

“ಉಮಾ, ನಿನ್ನ ಡಬ್ಬಿ ಮ್ಯಾಲ ಗುಬ್ಬಿ ಸಂಸಾರ ಹೂಡಾಕ ಹತ್ತೈತಿ,” ಎಂದಳು ಗುರವ್ವ. “ಸಂಜಿಕ ದತ್ತಾಗ ಒಯ್ದು ಕೊಟ್ಟು ಬಾ. ನಾಳಿಂದ ನನ್ನ ಕವಣಿನ ಚಲೋ.”

ಉಮಾಶ್ರೀ ಲೆಕ್ಕ ಹಾಕಿದಳು. ಪೆಟ್ಟಿಗೆ ಹೋದರೆ ಕುಣಿಸುವ ಮಾತೂ ಹೋಯಿತು. ಸಂಜೆಯೊಳಗೆ ಯಾರನ್ನು ಹಿಡಿದು ತರುವುದು? ಹೇಗೂ ಕೊನೆಯ ದಿನ ಎಂದು ಹಾಡನ್ನು ಮೊದಲಿನಿಂದ ಹಚ್ಚಿದಳು.

ಅಷ್ಟರಲ್ಲಿ ಪಕ್ಕದ ಹೊಲದ ಭೀಮರಾಯ ಬದು ದಾಟಿ ಬರುವುದು ಕಂಡಿತು. ಭೀಮರಾಯ ಜನ್ಮದಲ್ಲಿ ಅವಸರ ಮಾಡಿದವನಲ್ಲ. ಹಿಂದೊಮ್ಮೆ ಸರಪಂಚನಾಗಿದ್ದವನು, ಅಂದಿನಿಂದ ಎರಡೂ ಕೈ ಬೆನ್ನ ಹಿಂದೆ ಕಟ್ಟಿಯೇ ನಡೆಯುತ್ತಿದ್ದ. ಮಾತೂ ಅದೇ ಧಾಟಿ. ‘ಏನಪಾ’ ಎಂದು ಶುರುಮಾಡಿದರೆ ‘ಆರಾಮ?’ ಬರುವಷ್ಟರಲ್ಲಿ ಜತ್ತದ ಎಸ್‌ಟಿ ಬಸ್ಸು ಬಂದು, ನಿಂತು, ಹೋಗಿಯೂ ಬಿಟ್ಟಿರುತ್ತಿತ್ತು.

ಈ ಸದ್ದಿಗೆ ನಮ್ಮ ಎಮ್ಮೆ ಹಾಲು ಇಳಿಸುತ್ತಿಲ್ಲ ಎಂದು ಹೇಳುವುದಕ್ಕೇ ಅವನು ಬಂದಿದ್ದ. ಬಾಯಿ ಆಡುವುದು ಕಾಣುತ್ತಿತ್ತು, ಮಾತು ಪೆಟ್ಟಿಗೆಯ ಗದ್ದಲದಲ್ಲಿ ಮುಳುಗಿತ್ತು. ಅಟ್ಟಣಿಗೆಯ ಹತ್ತಿರ ಬಂದವನ ಕಣ್ಣೆದುರೇ ಗಿಳಿಗಳ ಹಿಂಡೊಂದು ಬಂದು ತೆನೆಗಳ ಮೇಲೆ ಇಳಿಯಿತು.

ಈ ಕಡೆಯವರಿಗೆ ಅದೊಂದು ತಡೆಯಲಾಗದು. ಹೊಲ ಯಾರದೇ ಇರಲಿ, ಜಗಳವಾಡಲು ಬಂದವನೇ ಇರಲಿ, ಹಾಲುಗಾಳಿನ ಮೇಲೆ ಹಕ್ಕಿ ಕೂತಿತೆಂದರೆ ಓಡಿಸಿಯೇ ಮುಂದಿನ ಮಾತು. ಭೀಮರಾಯನ ಕೈಗಳು ಬೆನ್ನ ಹಿಂದಿನಿಂದ ಬಿಟ್ಟುಕೊಂಡವು. ‘ಹೋ’ ಎಂದು ತೋಳು ಬೀಸಿದ. ಗಿಳಿಗಳು ನಾಲ್ಕು ಮಾರು ಹಾರಿ ಮತ್ತೆ ಕೂತವು. ಅವನು ಧೋತರದ ಚುಂಗು ಎತ್ತಿ ಕಟ್ಟಿ ಬೆನ್ನಟ್ಟಿದ. ಎರೆಮಣ್ಣು ಬಾಯಿಬಿಟ್ಟು ಬಿರುಕು ಒಡೆದಿತ್ತು. ಕಾಲು ಒಳಗೆ ಸಿಕ್ಕಬಾರದೆಂದು ಹಿಮ್ಮಡಿ ಊರಿ, ತುದಿಗಾಲು ಊರಿ, ಟಣ್ಣಟಣ್ಣ ಎತ್ತಿ ಇಡತೊಡಗಿದ. ಕೆಳಗೆ ಕಾಲು ಧಡ್ಧಡ್, ಮೇಲೆ ಪೆಟ್ಟಿಗೆ ಧಡ್ಧಡ್. ಮೊದಲು ಎರಡಕ್ಕೂ ಸಂಬಂಧವಿರಲಿಲ್ಲ. ಆಮೇಲೆ ಕಾಲು ಸದ್ದನ್ನು ಹುಡುಕಿತು. ಎಲ್ಲೋ ಒಂದು ಕಡೆ ಎರಡೂ ಗಪ್ಪನೆ ಕೂಡಿಕೊಂಡವು.

ಉಮಾಶ್ರೀಯ ಮೊಬೈಲು ಆಗಲೇ ಅವನತ್ತ ತಿರುಗಿತ್ತು. ನಗು ತಡೆಯಲು ತುಟಿ ಕಚ್ಚಿಕೊಂಡು, ಅವನ ಕಾಲು ಬಿಡದಂತೆ ವಿಡಿಯೊ ತೆಗೆಯುತ್ತಿದ್ದಳು.

ಹಕ್ಕಿಗಳು ಸದ್ದಿಗೆ ಒಗ್ಗಿದ್ದವು ನಿಜ. ಸದ್ದಿನ ಜೊತೆ ಕಾಲೆತ್ತುವ, ತೋಳು ಬೀಸುವ, ತಲೆಯ ಪಟಗಾ ಜಾರಿದ ಮಾಜಿ ಸರಪಂಚನಿಗೆ ಒಗ್ಗಿರಲಿಲ್ಲ. ಹಿಂಡಿಗೆ ಹಿಂಡೇ ಎದ್ದು ಹೋಯಿತು. ತುಳಸವ್ವ ಕಳೆ ತೆಗೆಯುವ ಕುರ್ಚಿಗೆಯನ್ನು ಬಿಸುಟು ಬಂದಳು, ಅವಳ ಹಿಂದೆ ಕಳೆಯ ಹೆಂಗಸರೆಲ್ಲ ಬಂದರು. ಗುರವ್ವನೂ ಸೆರಗು ಸಿಕ್ಕಿಸಿ ಬದುವಿನ ಮೇಲೆಯೇ ಜಿಗಿಯತೊಡಗಿದಳು, ನೋಯುವ ಭುಜ ಬಿಟ್ಟು ಇನ್ನೊಂದು ಕೈ ಬೀಸುತ್ತ. ಹಾಡು ಮುಗಿದು ಪೆಟ್ಟಿಗೆ ಸುಮ್ಮನಾದಾಗ ಎಲ್ಲರೂ ಏದುಸಿರು ಬಿಡುತ್ತ ಒಬ್ಬರನ್ನೊಬ್ಬರು ನೋಡಿದರು.

“ನಿಂದ್ರಸಬ್ಯಾಡ ತಂಗಿ,” ಎಂದ ಭೀಮರಾಯ. ಅವನು ಇಷ್ಟು ಲಗೂನೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. “ಈಗಷ್ಟ ಕಾಲ ಕೂಡಾಕ ಹತ್ತಿತ್ತ.”

“ಏನೋ ಹೇಳಾಕ ಬಂದಿದ್ದೆಲ್ಲ ಭೀಮಣ್ಣ?” ಎಂದಳು ಗುರವ್ವ.

“ಎಮ್ಮಿ ಎಲ್ಲಿ ಹೊಕ್ಕೈತ್ರಿ ವೈನಿ. ಹಚ್ಚಸ್ರಿ ಮೊದಲ.”

ಪೆಟ್ಟಿಗೆ ಸಂಜೆ ದತ್ತಾನ ಮನೆಗೆ ಹೋಗಲಿಲ್ಲ. ವಿಡಿಯೊ ಮಾತ್ರ ರಾಟರ್‌ಡ್ಯಾಮಿಗೆ ಹೋಯಿತು. ಕಳಿಸುವ ಮುನ್ನ ಉಮಾಶ್ರೀ ಭೀಮರಾಯನನ್ನು ಕೇಳಿದಳು. ಪಟಗಾ ಸರಿ ಸುತ್ತಿಕೊಂಡು ಇನ್ನೊಮ್ಮೆ ಕುಣಿಯುತ್ತೇನೆ ಎಂದು ಅವನು ಹಟ ಹಿಡಿದ. ಹಕ್ಕಿ ಇಲ್ಲದೆ ಕುಣಿದದ್ದು ಅವನಿಗೇ ಸಪ್ಪೆ ಅನ್ನಿಸಿತು, ಜಾರಿದ ಪಟಗಾದ್ದೇ ಇರಲಿ ಎಂದು ಒಪ್ಪಿದ.

ತಿಂಗಳು ಕಳೆದು, ಜೋಳದ ರಾಶಿ ಮನೆ ಸೇರಿದ ಮೇಲೆ, ಅಲ್ಲಿಂದ ಒಂದು ವಿಡಿಯೊ ಬಂತು. ಗುರವ್ವನ ಪಡಸಾಲೆಯಲ್ಲಿ ಚಹಾದ ಕಪ್ಪು ಹಿಡಿದು ಎಲ್ಲರೂ ಮೊಬೈಲಿಗೆ ಮುಗಿಬಿದ್ದರು. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಭೀಮರಾಯ ಗಿಳಿ ಓಡಿಸುತ್ತಿದ್ದಾನೆ, ಉಮಾಶ್ರೀಯ ಹಾಡು ಧಡಗುಡುತ್ತಿದೆ. ಕೆಳಗೆ ಹಾಲ್ ತುಂಬ ಬೋಳುತಲೆಯ ಗಂಡಸರು, ಹೆಂಗಸರು ಅವನಂತೆಯೇ ತೋಳು ಬೀಸಿ ‘ಹೋ’ ಎನ್ನುತ್ತಿದ್ದಾರೆ. ಗುರವ್ವ ಮಗಳ ಬೆನ್ನ ಮೇಲೆ ಕೈಯಿಟ್ಟು, ಕಪ್ಪು ಕೆಳಗಿಡುವುದನ್ನೂ ಮರೆತು ನೋಡುತ್ತಿದ್ದಳು.

ಭೀಮರಾಯ ಎರಡು ಸಲ ಪೂರ್ತಿ ನೋಡಿದ. ಕೈಗಳು ಮತ್ತೆ ಬೆನ್ನ ಹಿಂದೆ ಹೋಗಿದ್ದವು.

“ಕಾಲ ಚಲೋ ಎತ್ತತಾರ,” ಎಂದ ಕೊನೆಗೆ, ನಿಧಾನವಾಗಿ, ತೀರ್ಪು ಕೊಡುವವನಂತೆ. “ಆದ್ರ ತಂಗಿ, ಒಬ್ಬರೂ ಹಕ್ಕಿ ಯಾವ ಕಡಿ ಕುಂತೈತಿ ಅಂತ ನೋಡವಲ್ರು.”