ಅರ್ಧಪುಟದ ಮೇಡಂ

ತರಗತಿಯಲ್ಲಿ ಒಂದೇ ಒಂದು ಪೆನ್ನು ಓಡಿದರೂ ಅವರ ಮಾತು ನಿಂತುಬಿಡುತ್ತಿತ್ತು. ಗದರುತ್ತಿರಲಿಲ್ಲ, ಹೆಸರು ಹಿಡಿದು ಕೂಗುತ್ತಿರಲಿಲ್ಲ. ಸೀಮೆಸುಣ್ಣವನ್ನು ಬೆರಳುಗಳ ನಡುವೆ ಹಿಡಿದು, ಬರೆಯುತ್ತಿದ್ದವಳ ಕಡೆ ನೋಡದೆ, ಬಸ್ಸಿಗೆ ಕಾಯುವವರ ಹಾಗೆ ಸುಮ್ಮನೆ ನಿಲ್ಲುತ್ತಿದ್ದರು. ಪೆನ್ನು ಕೆಳಗಿಟ್ಟ ಸದ್ದು ಕೇಳಿದ ಮೇಲೆಯೇ, ಅರ್ಧಕ್ಕೆ ನಿಂತ ವಾಕ್ಯ ನಿಂತ ಪದದಿಂದ ಮುಂದುವರಿಯುತ್ತಿತ್ತು. ನಾನು ಓದಿದ ನರ್ಸಿಂಗ್ ಶಾಲೆಯಲ್ಲಿ ಶರೀರಶಾಸ್ತ್ರ ಕಲಿಸುತ್ತಿದ್ದ ಈ ಮೇಡಂ ಇಪ್ಪತ್ತು ನಿಮಿಷ ಮಾತಾಡಿ, ಕಪ್ಪುಹಲಗೆಯನ್ನು ಪೂರ್ತಿ ಒರೆಸಿ, "ಈಗ ಬರೀರಿ" ಅನ್ನುವವರು. ಅದೂ ಪುಟವನ್ನು ಉದ್ದಕ್ಕೆ ಮಡಿಸಿ, ಎಡಗಡೆಯ ಅರ್ಧದಲ್ಲಿ ಮಾತ್ರ, ನೆನಪಿನಲ್ಲಿ ಉಳಿದಷ್ಟನ್ನು, ನಮ್ಮದೇ ಮಾತಿನಲ್ಲಿ. ಬಲಗಡೆಯ ಅರ್ಧ ಮರುದಿನಕ್ಕೆ ಮೀಸಲು: ನಿನ್ನೆ ಬರೆದದ್ದನ್ನು ಇಂದು ಓದಿದಾಗ ಹುಟ್ಟುವ ಪ್ರಶ್ನೆಗಳಿಗೆ. ಅರ್ಧಪುಟ ಎಂಬ ಅಡ್ಡಹೆಸರು ಅವರಿಗೆ ನಾವು ಸೇರುವ ಎಷ್ಟೋ ವರ್ಷ ಮೊದಲೇ ಬಿದ್ದಿತ್ತು.

ಕುಳ್ಳಗಿನ ಹೆಂಗಸು. ಯಾರೋ ಎತ್ತರದವರ ಅಳತೆಗೆ ಹೊಲಿಸಿದಂತಿದ್ದ ಬಿಳಿ ಕೋಟು, ಎರಡು ಮಡಿಕೆ ಮಡಚಿದ ತೋಳು, ಜೇಬಿನ ತುಂಬ ಸೀಮೆಸುಣ್ಣದ ಚೂರು. ಹನ್ನೆರಡು ವರ್ಷ ವಾರ್ಡುಗಳಲ್ಲಿ ಟ್ರಾಲಿ ತಳ್ಳಿ ಬಂದವರಾದ್ದರಿಂದ ಬರಿಗೈಯಲ್ಲಿ ನಡೆಯುವಾಗಲೂ ತುಸು ಮುಂದಕ್ಕೆ ಬಾಗಿಯೇ ನಡೆಯುತ್ತಿದ್ದರು. ನಾವು ಏನು ಉತ್ತರಿಸಿದರೂ ಅವರ ಬಾಯಿಂದ ಬರುತ್ತಿದ್ದುದು ಒಂದೇ ಪದ: "ಅಂದ್ರೆ?" ಸರಿ ಉತ್ತರಕ್ಕೂ ಅದೇ, ತಪ್ಪಿಗೂ ಅದೇ. ಪುಸ್ತಕದ ಭಾಷೆಯಲ್ಲಿ ನಿರರ್ಗಳವಾಗಿ ಒಪ್ಪಿಸಿದವಳು ಆ ಒಂದು ಪದದ ಮುಂದೆ ಬಾಯಿಪಾಠ ಮರೆತ ಗಿಳಿಯಂತಾಗುತ್ತಿದ್ದಳು.

ನಾನೋ, ಅವರು ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಜಾತಿಯವಳು. ಪೆನ್ನಿಗೆ ಸದ್ದಿದೆ, ಪೆನ್ಸಿಲಿಗೆ ಇಲ್ಲವೆಂದು ಕಂಡುಕೊಂಡು, ಪುಸ್ತಕವನ್ನು ಬೆಂಚಿನ ಕೆಳಗೆ ತೊಡೆಯ ಮೇಲಿಟ್ಟು, ಕಣ್ಣನ್ನು ಮೇಡಂ ಮೇಲೆಯೇ ನೆಟ್ಟು, ಅವರಾಡಿದ ಮಾತನ್ನೆಲ್ಲ ಬರೆದುಕೊಳ್ಳುವ ವಿದ್ಯೆಯನ್ನು ಸಿದ್ಧಿಸಿಕೊಂಡೆ. ಸಂಜೆ ಹಾಸ್ಟೆಲಿನಲ್ಲಿ ಅದಕ್ಕೆ ನೀಲಿ ಶಾಯಿಯ ಅಚ್ಚುಕಟ್ಟು ಪ್ರತಿ, ಮುಖ್ಯವಾದುದಕ್ಕೆ ಕೆಂಪು ಗೆರೆ. ನನ್ನ ನೋಟ್ಸಿಗೆ ಶಾಲೆಯಲ್ಲೆಲ್ಲ ಹೆಸರಿತ್ತು. ಏಳು ಮಂದಿ ಅದರಿಂದ ನಕಲು ಮಾಡಿಕೊಂಡರು. ಪರೀಕ್ಷೆಯಲ್ಲಿ ಆ ಏಳು ಜನವೂ ಪಾಸಾದರು, ನಾನು ಫೇಲಾದೆ. ದೀಪದ ಕೆಳಗೆ ಕತ್ತಲೆ ಅನ್ನುತ್ತಾರಲ್ಲ, ಆ ಕತ್ತಲೆಯಲ್ಲಿ ಕೂತು ಅತ್ತೆ. ಎರಡನೆಯ ಸಲವೂ ಹೋದರೆ ಶಾಲೆಯಿಂದ ಹೆಸರು ತೆಗೆಯುತ್ತಿದ್ದರು. ನಮ್ಮ ಮನೆಯಲ್ಲಿ ಹತ್ತನೆಯ ತರಗತಿ ದಾಟಿದವಳು ನಾನೊಬ್ಬಳೇ. ನನ್ನ ಓದಿಗಾಗಿ ಅಕ್ಕ ತನ್ನ ಓದು ಬಿಟ್ಟು ಹೊಲಿಗೆಯಂತ್ರದ ಮುಂದೆ ಕೂತಿದ್ದಳು.

ಮೇಡಂ ನೋಟ್ಸು ತರಿಸಿಕೊಂಡು, ಶ್ವಾಸಾಂಗಗಳ ಪಾಠವನ್ನು ತೆರೆದು, ಅಧ್ಯಾಪಕರ ಕೋಣೆಯಲ್ಲಿ ಗಟ್ಟಿಯಾಗಿ ಓದಿದರು. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಸ್ನಾಯುವಿನ ಪಾಠ ಅದು. "ಉಸಿರೆಳೆದಾಗ ವಪೆ ಕೆಳಗಿಳಿಯುತ್ತದೆ, ಆ ಕಿಟಕಿ ಸ್ವಲ್ಪ ಮುಚ್ಚಿ, ಎದೆಗೂಡು ಹಿಗ್ಗುತ್ತದೆ." ಓದಿ ತಲೆಯೆತ್ತಿದರು.

"ಕಿಟಕಿಗೂ ಕೆಂಪು ಗೆರೆ ಹಾಕಿದ್ದೀಯಲ್ಲಮ್ಮ."

ನನ್ನಿಂದ ನಕಲು ಮಾಡಿದವರ ಪುಸ್ತಕಗಳನ್ನೂ ಅವರು ನೋಡಿದ್ದರಂತೆ. ಏಳರಲ್ಲಿ ಒಂದರಲ್ಲೂ ಕಿಟಕಿ ಇರಲಿಲ್ಲ. ಬರೆಯುವಾಗ ಆ ಹುಡುಗಿಯರಿಗೆ ಒಂದು ಕ್ಷಣವಾದರೂ ಯೋಚನೆ ಬಂದಿತ್ತು, ನನಗೆ ಬಂದಿರಲಿಲ್ಲ. ಇದನ್ನು ಮೇಡಂ ಬಿಡಿಸಿ ಹೇಳಲಿಲ್ಲ. ನೋಟ್ಸನ್ನು ಕಪಾಟಿನೊಳಗಿಟ್ಟು ಬೀಗ ಹಾಕಿ, ಮರುಪರೀಕ್ಷೆ ಮುಗಿಯುವತನಕ ಅದು ಸಿಗುವುದಿಲ್ಲವೆಂದೂ ದಿನಾ ಸಂಜೆ ಬಂದು ಅರ್ಧಪುಟ ಬರೆಯಬೇಕೆಂದೂ ಹೇಳಿದರು. ಮುಳುಗುವವಳ ಕೈಯಿಂದ ಹುಲ್ಲುಕಡ್ಡಿಯನ್ನೂ ಕಿತ್ತುಕೊಂಡರಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ಮೊದಲ ಸಂಜೆ ನಾಲ್ಕು ಸಾಲು ಬಂತು, ಅದರಲ್ಲಿ ಎರಡು ತಪ್ಪು. ಮೇಡಂ ತಿದ್ದಲಿಲ್ಲ, ಪಕ್ಕದಲ್ಲಿ ತಮ್ಮ ಆ ಒಂದು ಪದ ಬರೆದು ಹಿಂದಕ್ಕೆ ಕೊಟ್ಟರು. ಮೂರನೆಯ ವಾರ, ಬರೆಯಲು ಪ್ರಶ್ನೆಯೇ ಹೊಳೆಯದೆ, ನಮ್ಮಜ್ಜಿ ಉಬ್ಬಸ ಬಂದಾಗೆಲ್ಲ ಎದ್ದು ಕೂರುತ್ತಾಳಲ್ಲ, ಯಾಕೆ ಎಂದು ಬಲಗಡೆ ಗೀಚಿದೆ. ಅವರು ಅದನ್ನು ಬಹಳ ಹೊತ್ತು ನೋಡಿದರು, ಉತ್ತರ ಮಾತ್ರ ಕೊಡಲಿಲ್ಲ. ನಾಲ್ಕು ದಿನ ನಾನು ಹಾಸಿಗೆಯಲ್ಲಿ ಮಲಗಿ, ಎದ್ದು ಕೂತು, ಮತ್ತೆ ಮಲಗಿ, ಹೊಟ್ಟೆಯ ಮೇಲೆ ಕೈಯಿಟ್ಟು ಉಸಿರಾಡಿ ನೋಡಿದೆ. ಕೋಣೆಯ ಗೆಳತಿ ನನಗೆ ಪರೀಕ್ಷೆಯ ಭಯದಿಂದ ತಲೆ ಕೆಟ್ಟಿದೆ ಎಂದುಕೊಂಡಳು.

ಮರುಪರೀಕ್ಷೆಯ ಲಿಖಿತ ಭಾಗದಲ್ಲಿ ಅಂಚಿನಲ್ಲೇ ಇದ್ದೆ, ಉಳಿದದ್ದು ಮೌಖಿಕ. ಹೊರಗಿನಿಂದ ಬಂದ ಪರೀಕ್ಷಕರು, ಉಸಿರಾಟದ ತೊಂದರೆಯಿರುವ ರೋಗಿಯನ್ನು ಮಲಗಿಸದೆ ಕೂರಿಸುವುದೇಕೆ ಎಂದು ಕೇಳಿದರು. ನನಗೆ ಯಾರ ವಾಕ್ಯವೂ ನೆನಪಾಗಲಿಲ್ಲ, ಬೇಕಾಗಲೂ ಇಲ್ಲ. "ಮಲಗಿದ್ರೆ ಹೊಟ್ಟೆಯೊಳಗಿನದೆಲ್ಲ ವಪೇನ ಮೇಲಕ್ಕೆ ಒತ್ತುತ್ತೆ ಸರ್. ಕೂತ್ರೆ ಅದಕ್ಕೆ ಕೆಳಗಿಳಿಯೋಕೆ ಜಾಗ ಸಿಗುತ್ತೆ." ಅವರು ಮುಂದಿನ ಪ್ರಶ್ನೆಗೆ ಹೋದರು. ಪಾಸಾದೆ.

ಫಲಿತಾಂಶದ ದಿನ ಓಡಿಹೋದಾಗ ಮೇಡಂ ಮುಂದೆ ಆಗಲೇ ಇನ್ನೊಬ್ಬ ಫೇಲಾದ ಹುಡುಗಿ ಕೂತಿದ್ದಳು. ಕಪಾಟು ತೆರೆದು ನನ್ನ ನೋಟ್ಸು ಹಿಂದಿರುಗಿಸಿದರು. ನಿಮ್ಮಿಂದಲೇ ಆಯಿತು ಎಂದೆ.

"ನಾನೇನು ಹೇಳ್ಕೊಟ್ಟೆ? ನೀನೇ ಬರ್ಕೊಂಡಿದ್ದಲ್ವಾ."

ನಾಚಿಕೆಯ ಮಾತೆಂದರೆ, ನಾನು ಅದನ್ನು ನಂಬಿದೆ. ಹೌದಲ್ಲ, ಈಕೆ ಒಂದುತ್ತರವನ್ನೂ ಕೊಡಲಿಲ್ಲ, ಇದ್ದ ನೋಟ್ಸನ್ನೂ ಕಿತ್ತಿಟ್ಟರು, ಗೆದ್ದವಳು ನಾನೇ ಎಂದು ಅಕ್ಕನ ಮುಂದೆ ಜಂಬ ಕೊಚ್ಚಿದೆ. ವಾರ್ಡಿನಲ್ಲಿ ಹೊಸಬರಿಗೆ ಕಲಿಸುವ ಪಾಳಿ ನನಗೇ ಬರುವವರೆಗೂ, ಅಂದರೆ ಎಂಟು ವರ್ಷ, ಹಾಗೆಯೇ ತಿಳಿದಿದ್ದೆ. ಉತ್ತರ ಹೇಳಿಬಿಡುವುದಕ್ಕಿಂತ ಹೇಳದೆ ಕಾಯುವುದು ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು. ಧಾರಾಳವಾಗಿ ಹೇಳಿಕೊಡುವ ಗುರುಗಳನ್ನು ನಾವು ಜೀವಮಾನವಿಡೀ ನೆನೆಯುತ್ತೇವೆ, ನೆನೆಯಬೇಕಾದದ್ದೇ. ಆದರೆ ತುದಿನಾಲಗೆಯಲ್ಲಿರುವ ಉತ್ತರವನ್ನು ನುಂಗಿಕೊಂಡು, ನಮ್ಮ ಸಿಟ್ಟನ್ನೂ ಸಹಿಸಿಕೊಂಡು, ನಮಗೇ ಹೊಳೆಯಲಿ ಎಂದು ಕಾಯುವ ಇನ್ನೊಂದು ಬಗೆಯವರಿದ್ದಾರೆ. ಅವರ ಶಿಷ್ಯರು ಎಲ್ಲವನ್ನೂ ತಾವೇ ಕಲಿತೆವೆಂದು ಎದೆಯುಬ್ಬಿಸಿ ಓಡಾಡುತ್ತಾರೆ. ಅದೊಂದು ತಪ್ಪನ್ನು ಮಾತ್ರ ಈ ಗುರುಗಳು ಎಂದೂ ಪ್ರಶ್ನಿಸುವುದಿಲ್ಲ.