ಲಾಡಿಯ ಗಂಟು

ಹೊಟ್ಟೆಕಿಚ್ಚಿಗೆ ಸೌದೆ ಬೇಕಿಲ್ಲ, ಊದುಗೊಳವೆ ಬೇಕಿಲ್ಲ, ಒಳಗೊಳಗೇ ಉರಿಯುತ್ತದೆ. ಅದರಲ್ಲೂ ಒಳ್ಳೆಯವರ ಮೇಲೆ ಹುಟ್ಟಿದ ಹೊಟ್ಟೆಕಿಚ್ಚು ಬಲು ಕಷ್ಟದ್ದು. ಬೈಯೋಣವೆಂದರೆ ನೆಪ ಸಿಗುವುದಿಲ್ಲ, ಬಿಡೋಣವೆಂದರೆ ಮನಸ್ಸು ಒಪ್ಪುವುದಿಲ್ಲ.

ಬಟ್ಟೆ ಹೊಲಿದು ಬದುಕುವ ಆ ತಾಯಿಗೆ ಅಂಥ ಕಿಚ್ಚು ಹತ್ತಿದ್ದು ನಾದಿನಿಯ ಮನೆಯ ಹೊಸಿಲು ದಾಟಿದ ಗಳಿಗೆಯಲ್ಲೇ. ಮಗಳ ಕಾಲಿಗೆ ಆಸರೆಯಾಗಿ ಕಟ್ಟುವ ಹೊಸ ಪಟ್ಟಿಗೆ ಆಸ್ಪತ್ರೆಯಲ್ಲಿ ಅಳತೆ ಕೊಡಲು ನಾಲ್ಕು ದಿನಕ್ಕೆಂದು ಬಂದಿದ್ದಳು. ಮಗಳಿಗೆ ಒಂಬತ್ತು ವರ್ಷ, ಎಲ್ಲರ ಬಾಯಲ್ಲೂ ಗುಬ್ಬಿ. ಮಾತು ನಾಲ್ಕೈದು, ನಡಿಗೆ ಓಲಾಟ, ಅಪಾಯವೆಂದರೇನೆಂದೇ ಅರಿಯದ ಜೀವ. ನಿದ್ದೆಯಿಂದ ಎದ್ದರೆ ಸದ್ದಿಲ್ಲದೆ ಹೊರಟುಬಿಡುವಳು. ಕುರ್ಚಿ ಕಂಡರೆ ಹತ್ತುವಳು, ಹಗ್ಗ ಕಂಡರೆ ಎಳೆಯುವಳು. ಪರರ ಮನೆಯಲ್ಲಿ ಇವಳನ್ನು ಎಲ್ಲಿ ಮಲಗಿಸಲಿ, ದೇವರೇ, ಎಂಬ ಚಿಂತೆಯಲ್ಲಿ ತಾಯಿಗೆ ವಾರದಿಂದ ಊಟ ರುಚಿಸಿರಲಿಲ್ಲ.

ನಾದಿನಿ ಮರಗೆಲಸದವಳು. ಬಾಗಿಲಲ್ಲೇ ಮೊಣಕಾಲೂರಿ ಕೈ ಚಾಚಿದಳು. "ಬಾರೇ ನನ್ನ ರಾಣಿ!"

ಯಾರ ಬಳಿಯೂ ಹೋಗದ ಗುಬ್ಬಿ ಕಿಲಕಿಲ ನಕ್ಕು ಅವಳ ಕೊರಳಿಗೆ ಜೋತುಬಿದ್ದಳು. ತಾಯಿ ಕೈಚೀಲ ಹಿಡಿದು ಹಾಗೇ ನಿಂತಳು.

"ಬನ್ನಿ ಅತ್ತಿಗೆ, ಕೋಣೆ ನೋಡಿ."

ಕೋಣೆ ನೋಡಿದ್ದೇ ಕಿಚ್ಚಿಗೆ ತುಪ್ಪ ಸುರಿದಂತಾಯಿತು. ನೆಲದಿಂದ ಒಂದೇ ಗೇಣು ಎತ್ತರದ ಮಂಚ, ಸುತ್ತ ಎದೆಯೆತ್ತರದ ಕಟಕಟೆ, ಮುಂದೊಂದು ಪುಟ್ಟ ಬಾಗಿಲು. ಕಂಬಿಗಳ ಸಂದಿಯಲ್ಲಿ ಕೈಕಾಲು ಸಿಕ್ಕಿಕೊಳ್ಳದಂತೆ ಒಳಗೆಲ್ಲ ದಪ್ಪ ರಜಾಯಿ ಕಟ್ಟಿತ್ತು. ಬೀರು ಗೋಡೆಗೆ ಸ್ಕ್ರೂ ಹಾಕಿಸಿಕೊಂಡು ನಿಂತಿತ್ತು. ಕಿಟಕಿ ಪರದೆಯ ದಾರ ಮೇಲೆ ಸುತ್ತಿತ್ತು. ಹೊರಗೆ ಹಜಾರದ ಬಾಲ್ಕನಿ ಬಾಗಿಲಿಗೂ ಮೇಲ್ತುದಿಯಲ್ಲಿ ಹೊಸ ಚಿಲಕ.

ಹೆತ್ತವಳು ಒಂಬತ್ತು ವರ್ಷದಲ್ಲಿ ಮಾಡದ್ದನ್ನು ಇವಳು ಹದಿನೈದು ದಿನದಲ್ಲಿ ಮಾಡಿದ್ದಳು. ತಪ್ಪು ಹುಡುಕಲು ತಾಯಿ ಕಣ್ಣಾಡಿಸಿದಳು, ಒಂದೂ ಸಿಗಲಿಲ್ಲ.

"ಕಟಕಟೆ ಕಟ್ಟಿದ್ದೀಯಲ್ಲ, ಏನು ಕದ್ದಿದ್ದಾಳೆ ನನ್ನ ಮಗಳು?"

ನಾದಿನಿ ನಕ್ಕಳು. "ನನ್ನ ನಿದ್ದೆ ಕದ್ದಿದ್ದಾಳೆ ಅತ್ತಿಗೆ. ಬರ್ತಾಳೆ ಅಂದಾಗಿನಿಂದ ಅದೇ ಯೋಚನೆ."

"ಅವಳಿಗೆ ನನ್ನ ಪಕ್ಕ ಬಿಟ್ರೆ ನಿದ್ದೆ ಬರಲ್ಲ. ಆಚೆ ಕೋಣೆ ಮಂಚ ಸಾಕು ನಮಗೆ."

"ಅದು ಎತ್ತರ ಅತ್ತಿಗೆ. ಇವಳು ಎದ್ದು ಹೋದ್ರೆ?"

"ಹೆಂಗೆ ಹೋಗ್ತಾಳೆ? ಲಾಡಿ ಇದೆ." ತಾಯಿ ಚೀಲದಿಂದ ಗಟ್ಟಿ ಬಟ್ಟೆಯ ಉದ್ದದ ಲಾಡಿ ತೆಗೆದಳು. "ಒಂದು ತುದಿ ಅವಳ ಕೈಗೆ, ಇನ್ನೊಂದು ನನ್ನ ಕೈಗೆ. ದರ್ಜಿಯ ಗಂಟು ಇದು, ತಿಳ್ಕೋ."

"ಕೈಗೆ ಕಟ್ಟೋದು ಬೇಡ ಅತ್ತಿಗೆ. ಮಲಗಿದಾಗ ಕುತ್ತಿಗೆಗೆ ಸುತ್ಕೊಂಡ್ರೆ?"

"ಹೆತ್ತಿದ್ದು ನಾನು. ನನಗೆ ಗೊತ್ತು." ಮಾತು ಬಾಯಿಂದ ಜಾರಿತು.

ಮಧ್ಯಾಹ್ನ ಉಂಡಮೇಲೆ ತಾಯಿ ಆಚೆ ಕೋಣೆಯಲ್ಲಿ ಗುಬ್ಬಿಯನ್ನು ಗೋಡೆಯ ಕಡೆಗೆ ಮಲಗಿಸಿ, ಲಾಡಿ ಕಟ್ಟಿ, ದೇವರ ನಾಮ ಹೇಳುತ್ತ ಕಣ್ಣು ಮುಚ್ಚಿದಳು. ಮುಂಜಾನೆಯಿಡೀ ಬಸ್ಸಿನಲ್ಲಿ ಕುಲುಕಿದ ಮೈ. ಭಗವಂತನ ಹೆಸರು ಅರ್ಧಕ್ಕೇ ನಿಂತಿತು.

ಎಚ್ಚರವಾದಾಗ ಅವಳ ಕೈಯಲ್ಲಿ ಲಾಡಿಯಿತ್ತು. ಆಚೆ ತುದಿ ದಿಂಬಿನ ಮೇಲೆ ನೆಟ್ಟಗೆ, ಒಂದು ಸುಕ್ಕೂ ಇಲ್ಲದೆ ಬಿದ್ದಿತ್ತು. ಹರಿದಿರಲಿಲ್ಲ, ಜಾರಿರಲಿಲ್ಲ. ಗಂಟನ್ನು ಬಿಚ್ಚಲಾಗಿತ್ತು.

ಆಗ ಅವಳಿಗೆ ನೆನಪಾಯಿತು. ಬೆರಳು ಚುರುಕಾಗಲೆಂದು ಮಗಳ ಮುಂದೆ ಚಿಂದಿ ಬಟ್ಟೆಯಲ್ಲಿ ಗಂಟು ಹಾಕಿಟ್ಟು, ಬಿಚ್ಚೇ, ಬಿಚ್ಚೇ, ಎಂದು ಎರಡು ವರ್ಷ ಕಲಿಸಿದವಳು ಯಾರು? ಬಸ್ಸಿನಲ್ಲೂ ಏಳು ಗಂಟು ಬಿಚ್ಚಿದ್ದಳೆಂದು ಮುದ್ದಿಟ್ಟವಳು ಯಾರು? ಅಮ್ಮ ಚಾಪೆಯ ಕೆಳಗೆ ತೂರಿದರೆ ಮಗಳು ರಂಗೋಲಿಯ ಕೆಳಗೇ ತೂರಿದ್ದಳು.

ಎದ್ದು ಓಡಿದಳು. ಬಾಲ್ಕನಿ ಬಾಗಿಲಿಗೆ ಒತ್ತಿ ಒಂದು ಕುರ್ಚಿ ನಿಂತಿತ್ತು. ಗಾಜಿನ ಮೇಲೆ, ಹೊಸ ಚಿಲಕಕ್ಕೆ ನಾಲ್ಕು ಬೆರಳು ಕೆಳಗೆ, ಪುಟ್ಟ ಅಂಗೈ ಗುರುತು.

ನಾಲ್ಕೇ ಬೆರಳು! ಚಿಲಕ ಹಾಕಿಯೇ ಇದೆಯೇ ಎಂದು ಕೈಯೆತ್ತಿ ಮುಟ್ಟಿ ನೋಡಿದಳು.

"ಇಲ್ಲಿದ್ದಾಳೆ ಅತ್ತಿಗೆ," ಕಟಕಟೆಯ ಕೋಣೆಯೊಳಗಿಂದ ನಾದಿನಿಯ ದನಿ ಬಂತು. "ಕುರ್ಚಿ ಎಳೆದ ಸದ್ದಾಯ್ತು, ಎತ್ಕೊಂಡು ಬಂದೆ. ನೀವು ದಣಿದಿದ್ರಿ, ಎಬ್ಬಿಸ್ಲಿಲ್ಲ."

ಗುಬ್ಬಿ ಕಟಕಟೆಯೊಳಗೆ ಹಾಯಾಗಿ ಕೂತಿದ್ದಳು. ಸತ್ಯ ಹೇಳಬೇಕು: ಆ ತಾಯಿಗೆ ಮಗು ಸಿಕ್ಕಿತೆಂಬ ಸಂತೋಷಕ್ಕಿಂತ ಒಂದು ಕೂದಲೆಳೆ ಮುಂಚೆ, ಇವಳ ಕೈಗೇ ಸಿಕ್ಕಬೇಕಿತ್ತೇ ಎಂಬ ಚುಚ್ಚು ಹಾದುಹೋಯಿತು. ಮರುಕ್ಷಣ ತನ್ನ ಮೇಲೆ ತನಗೇ ಹೇಸಿಗೆಯಾಗಿ ಕಣ್ಣು ತುಂಬಿತು.

"ಅವಳು ಕುರ್ಚಿ ಹತ್ತುತ್ತಾಳೆ ಅಂತ ನಿನಗೆ ಹೆಂಗೆ ಗೊತ್ತಿತ್ತೇ?"

"ನೀವೇ ಹೇಳಿದ್ರಲ್ಲ. ಫೋನ್ ಮಾಡಿದಾಗಲೆಲ್ಲ ಅಳ್ತಿದ್ರಿ. ಇವತ್ತು ಕುರ್ಚಿ ಹತ್ತಿದ್ಲು, ಇವತ್ತು ದಾರ ಎಳೆದ್ಲು ಅಂತ. ನಾನು ಅದನ್ನೆಲ್ಲ ಹಲಗೆ ಮೇಲೆ ಪೆನ್ಸಿಲಲ್ಲಿ ಗೀಚ್ಕೊಂಡಿದ್ದೆ. ಹದಿನೈದು ದಿನ ಕೈ ನಂದು ಅಷ್ಟೆ ಅತ್ತಿಗೆ, ಬುದ್ಧಿ ನಿಮ್ಮದು."

ಅಷ್ಟರಲ್ಲಿ ಗುಬ್ಬಿ ಕೈ ಎತ್ತಿ ಜಯಘೋಷ ಮಾಡಿದಳು. "ಗಂಟು!"

ಇಬ್ಬರೂ ತಿರುಗಿ ನೋಡಿದರು. ರಜಾಯಿಯನ್ನು ಕಂಬಿಗಳಿಗೆ ಕಟ್ಟಿದ ಹನ್ನೆರಡು ಕಟ್ಟುಗಳಲ್ಲಿ ಐದು ಬಿಚ್ಚಿ ಜೋತಾಡುತ್ತಿದ್ದವು. ಒಂದು ಮೂಲೆಯಲ್ಲಿ ರಜಾಯಿ ಕುಸಿದು, ಪುಟ್ಟ ಪಾದ ಹೊಗುವಷ್ಟು ಸಂದಿ ಬಾಯಿ ತೆರೆದಿತ್ತು.

"ಅಯ್ಯೋ," ನಾದಿನಿ ಬಾಯಿಗೆ ಕೈಯಿಟ್ಟಳು. "ಇದೊಂದು ನೀವು ಹೇಳಿರಲಿಲ್ಲ!"

ತಾಯಿಗೆ ನಗು ಉಕ್ಕಿತು. ಬಂದಾಗಿನಿಂದ ಹುಡುಕಿದ ತಪ್ಪು ಕೊನೆಗೂ ಸಿಕ್ಕಿತ್ತು, ಅದೂ ತಾನು ಮಾಡಿದ ತಪ್ಪೇ.

"ಮರದವಳಿಗೆ ಬಟ್ಟೆ ಕೆಲಸ ಯಾಕೆ ಬೇಕಿತ್ತೇ? ಸರಿ ಆಚೆ. ದಪ್ಪ ಸೂಜಿ ಇದೆ ನನ್ನ ಹತ್ರ."

ಗುಬ್ಬಿಯನ್ನು ಎತ್ತಿ ನಾದಿನಿಯ ಮಡಿಲಿಗೆ ಕೊಟ್ಟಳು. ಕೊಡುವಾಗ ಕೈ ಒಂದಿಷ್ಟು ತಡೆದದ್ದು ನಿಜ. ಮಂಚದೊಳಗೆ ಕೂತು, ಕೈಲಿದ್ದ ಲಾಡಿಯನ್ನು ಕತ್ತರಿಸಿ ಹನ್ನೆರಡು ತುಂಡು ಮಾಡಿ, ಒಂದೊಂದನ್ನೂ ಕಂಬಿಗೆ ಬಿಗಿಯಾಗಿ ಸುತ್ತಿ, ಜೋಡಿ ದಾರದಲ್ಲಿ ರಜಾಯಿಗೆ ಹೊಲಿದಳು. ಗಂಟು ಒಂದೂ ಇರಲಿಲ್ಲ. ಒಂದೊಂದು ಹೊಲಿಗೆಗೂ ಒಂದೊಂದು ಸಲ ದೇವರ ಹೆಸರು ಹೇಳಿದಳು; ಈ ಬಾರಿ ಅರ್ಧಕ್ಕೆ ನಿಲ್ಲಲಿಲ್ಲ.

"ಮಲಗಿಸೋವಾಗ ಅವಳಿಗೆ ಬೆನ್ನು ತಟ್ಟಬೇಡ," ಎಂದಳು ತಲೆಯೆತ್ತದೆ. "ಕಿವಿ ಹಿಂದೆ ಸವರಬೇಕು. ಅದು ನನಗೆ ಮಾತ್ರ ಗೊತ್ತಿತ್ತು."

"ಹಿಂಗಾ ಅತ್ತಿಗೆ?"

"ಇನ್ನೂ ಮೆತ್ತಗೆ."

ಕೊನೆಯ ಹೊಲಿಗೆ ಹಾಕಿ ಹಲ್ಲಿನಲ್ಲಿ ದಾರ ಕಚ್ಚುವಷ್ಟರಲ್ಲಿ ಗುಬ್ಬಿ ಅತ್ತೆಯ ಮಡಿಲಲ್ಲಿ ನಿದ್ದೆಹೋಗಿದ್ದಳು.